ಅಂವ ಅಂವನೇ ಹೌದಾ?

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಗಿತ್ತು. "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಅಂತ ಇಬ್ಬರು ಮೂವರು ಕೇಳಿದ್ದಾರೆ. ಬಿಟ್ಟಿಲ್ಲ. ಆಫೀಸಿನಲ್ಲಿ ಕೆಲವು ತಿಂಗಳಿಂದ ಒಂದೇ ಪ್ರಶ್ನೆಯನ್ನ ತಿರುಗಿಸಿ ಮುರುಗಿಸಿ ನೋಡ್ತಾ ಕೂತಿದ್ದೆ. ಅದನ್ನೇ ಇವತ್ತು ನಿಮ್ಮ ಮುಂದೆ ಹರಡ್ತಾ ಇದೀನಿ. ತಾಂತ್ರಿಕ ವಿಷಯ ಅಂತ ಪುಟ ಮುಚ್ಚಿ ಓಡಬೇಡಿ. ಇದರಲ್ಲಿ ನಿಮ್ಮ ಹೆಸರಿನ ವಿಷಯವೂ ಇದೆ. ಸುಮ್ಮನೆ ಹೇಳ್ತಿಲ್ಲ, ನಿಜವಾಗ್ಲೂ ನೀವು ನಿಮ್ಮ ಹೆಸರನ್ನ ಹೇಗೆ ಬರೀತೀರಿ ಅನ್ನೋದೇ ವಿಷಯ.

ನನ್ನ ಕೆಲಸ ಇಷ್ಟು. ಮೊಬೈಲಿನಲ್ಲೇ ಬ್ಯಾಂಕ್ ಖಾತೆ ತೆರೀತೀರಲ್ಲ, ಆಧಾರ್ ನಂಬರ್ ಕೇಳುತ್ತೆ, ಒಟಿಪಿ ಬರುತ್ತೆ, ಪ್ಯಾನ್ ಕೇಳುತ್ತೆ, ಸೆಲ್ಫಿ ತೆಗೆಸುತ್ತೆ, ಕಣ್ಣು ಮಿಟುಕಿಸಿ ಅನ್ನುತ್ತೆ. ಆಮೇಲೆ ಒಂದು ಚಕ್ರ ಗರಗರ ತಿರುಗಿ "ಅಭಿನಂದನೆಗಳು" ಅಂತಲೋ "ಕ್ಷಮಿಸಿ" ಅಂತಲೋ ಬರುತ್ತೆ. ಆ ಚಕ್ರ ತಿರುಗುವಾಗ ನಿಮ್ಮನ್ನ ಯಾವ ಮನುಷ್ಯನೂ ನೋಡಿರೋದಿಲ್ಲ. ಒಂದಿಷ್ಟು ನಿಯಮಗಳು ನೋಡಿರ್ತಾವೆ. ಆ ನಿಯಮಗಳನ್ನ ಬರೆದು, ಅವಕ್ಕೆ ಅಂಕಿ ಕೂರಿಸಿ, ಯಾರಿಗೆ ಹೌದು ಯಾರಿಗೆ ಇಲ್ಲ ಅಂತ ಸಾಲು ಎಳೆಯೋದು ನಮ್ಮ ತಂಡದ ಕೆಲಸ. ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಹೆಸರಿದೆ ಇದಕ್ಕೆ. ಕನ್ನಡದಲ್ಲಿ ಅರ್ಥ ಆಗೋ ಹಾಗೆ ಹೇಳೋದಾದ್ರೆ, ತಾನೇ ತಾನಾಗಿ ಪಾಸು ಮಾಡೋ ನಿಯಮ.

ನಮ್ಮೂರು ಸಿದ್ದಾಪುರ ತಾಲೂಕಿನ ಬಿಳಗಿ ಸೀಮೆ. ಊರಿಗೆ ಹೋದಾಗ ದೊಡ್ಡಪ್ಪ ಜಗಲಿ ಮೇಲೆ ಕವಳ ಹಾಕ್ತಾ ಕೇಳಿದ್ದ,

"ತಮಾ, ನೀ ಬೆಂಗ್ಳೂರಲ್ಲಿ ಎಂತ ಕೆಲ್ಸ ಮಾಡ್ತೆ ಹೇಳಿ ಯಾರಾದ್ರೂ ಕೇಳಿರೆ ಆನು ಎಂತ ಹೇಳವು?"

"ಬ್ಯಾಂಕಿಗೆ ಹೊಸ ಗಿರಾಕಿ ಬಂದ್ರೆ, ಅಂವ ಅಂವನೇ ಹೌದಾ ಹೇಳಿ ಕಂಪ್ಯೂಟರ್ ಹತ್ರ ನೋಡ್ಸದು ದೊಡ್ಡಪ್ಪಾ."

"ಅದ್ಕೆ ಇಂಜಿನಿಯರ್ ಬೇಕಾತಾ? ನಮ್ಮ ಸೊಸೈಟಿ ಸೆಕ್ರೆಟರಿ ಕುಂತಲ್ಲೇ ಹೇಳ್ತಿದ್ನಲ!"

ಜಗಲಿ ತುಂಬ ನಗು. ಆದರೆ ದೊಡ್ಡಪ್ಪ ಹೇಳಿದ್ದು ತಮಾಷೆಯಷ್ಟೇ ಅಲ್ಲ. ಹಿಂದೆ ಖಾತೆ ತೆರೆಯೋದು ಅಂದ್ರೆ ಹಾಗೇ ಇತ್ತು. ಅರ್ಜಿಯಲ್ಲಿ 'ಪರಿಚಯಿಸುವವರ ಸಹಿ' ಅಂತ ಒಂದು ಜಾಗ. ಆ ಬ್ಯಾಂಕಿನಲ್ಲಿ ಮೊದಲೇ ಖಾತೆ ಇದ್ದವರೊಬ್ಬರು "ಇವರು ನನಗೆ ಗೊತ್ತು" ಅಂತ ಸಹಿ ಹಾಕಬೇಕು. ಗುರುತು ಅನ್ನೋದು ಕಾಗದದಲ್ಲಿ ಇರಲಿಲ್ಲ, ಇನ್ನೊಬ್ಬರ ಬಾಯಲ್ಲಿತ್ತು. ನಮ್ಮ ಕಡೆ ಒಬ್ಬ ಮನುಷ್ಯನಿಗೆ ಎಷ್ಟು ಹೆಸರು ನೋಡಿ: ಜಾತಕದ್ದೊಂದು, ಶಾಲೆಯದ್ದೊಂದು, ಕರೆಯೋದೊಂದು, ಆಮೇಲೆ ಮೇಲಿನಮನೆ, ಕೆಳಗಿನಮನೆ, ಆಚೆಕೇರಿ ಅಂತ ಮನೆಯ ಗುರುತು. ಇಷ್ಟಿದ್ರೂ ಸೆಕ್ರೆಟರಿಗೆ ಗೊಂದಲ ಆಗ್ತಿರಲಿಲ್ಲ. ಯಾಕಂದ್ರೆ ಅವರು ಹೆಸರನ್ನ ನೋಡ್ತಿರಲಿಲ್ಲ, ಮುಖ ನೋಡ್ತಿದ್ರು.

ಹಾಗಂತ "ಹಿಂದಿನ ಕಾಲವೇ ಚೆಂದ" ಅಂತ ಶುರುಮಾಡಿದೆ ಅಂದ್ಕೋಬೇಡಿ. ಆ ಪದ್ಧತಿಗೆ ಇನ್ನೊಂದು ಮುಖ ಇತ್ತು. ನಮ್ಮನೆಗೆ ಅಡಿಕೆ ಸುಲಿಯೋಕೆ ಬರುತ್ತಿದ್ದ ಹೆಂಗಸೊಬ್ಬರು ದುಡಿದ ದುಡ್ಡನ್ನ ಆಯಿಯ ಹತ್ತಿರ ಇಡ್ತಿದ್ರು. ಬ್ಯಾಂಕಿನಲ್ಲಿ ಇಡಬಹುದಲ್ಲ ಅಂತ ಆಯಿ ಕೇಳಿದ್ದಕ್ಕೆ "ನಮ್ಗೆ ಯಾರು ಸೈನ್ ಹಾಕ್ತಾರೆ ಅಮಾ?" ಅಂದಿದ್ರಂತೆ. ಹೆಗಡೆಯವರಿಗೆ ಸೆಕ್ರೆಟರಿ ಕುಂತಲ್ಲೇ ಹೌದು ಅನ್ನುತ್ತಿದ್ದ ಊರಿನಲ್ಲೇ, ಅವರ ಅಂಗಳದಲ್ಲಿ ಮೂವತ್ತು ವರ್ಷ ದುಡಿದವರಿಗೆ ಪರಿಚಯದವರು ಇರಲಿಲ್ಲ! ಪರಿಚಯ ಅನ್ನೋದು ಎಲ್ಲರಿಗೂ ಸಮಾನವಾಗಿ ಹಂಚಿಕೆಯಾದ ಆಸ್ತಿ ಅಲ್ಲ.

೨೦೧೨ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಖಾತೆ ತೆರೆಯೋಕೆ ಪರಿಚಯದ ಸಹಿ ಬೇಕೇ ಬೇಕು ಅಂತ ಹಠ ಹಿಡಿಯಬೇಡಿ ಅಂತ ಬ್ಯಾಂಕುಗಳಿಗೆ ಹೇಳಿತು. ೨೦೧೪ರ ಆಗಸ್ಟಿನಲ್ಲಿ ಜನಧನ ಯೋಜನೆ ಬಂತು. ಆ ಹೆಂಗಸಿಗೆ ಖಾತೆ ಆಗಿದ್ದು ಆಮೇಲೆ, ಆಧಾರ್ ತೋರಿಸಿ. ಯಾರ ಮುಂದೆಯೂ ಹೋಗಿ ನಿಂತು ಸಹಿ ಬೇಡಲಿಲ್ಲ. ಹಾಗಾಗಿ ಯಂತ್ರ ಹೇಳೋ "ಹೌದು" ನನಗೆ ಸಣ್ಣ ಮಾತು ಅಂತ ಅನ್ನಿಸೋದಿಲ್ಲ. ಅದಕ್ಕೆ ನಿಮ್ಮ ಕೇರಿ ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ನೀವು ಯಾರ ಮನೆಯ ಆಳು ಅಂತ ಗೊತ್ತಿಲ್ಲ. ಕಾಗದ ಸರಿ ಇದ್ರೆ ಹೌದು ಅಂತದೆ, ಅಷ್ಟೇ. ನಾನು ಈ ಕೆಲಸ ಇಷ್ಟಪಟ್ಟು ಮಾಡೋದಕ್ಕೆ ಅದೇ ಕಾರಣ.

ತೊಂದರೆ ಇರೋದು ಅದು ಹೇಳೋ "ಇಲ್ಲ"ದಲ್ಲಿ.

ಅದು ಅರ್ಥ ಆಗಬೇಕಾದ್ರೆ ಚಕ್ರ ತಿರುಗುವಾಗ ಒಳಗೆ ಏನು ನಡೆಯುತ್ತೆ ಅಂತ ಸ್ವಲ್ಪ ಹೇಳಬೇಕು. ಸಿರ್ಸಿ-ಸಿದ್ದಾಪುರದವರಿಗೆ ಅಡಿಕೆ ವಿಂಗಡಿಸೋ ಉದಾಹರಣೆ ಸಾಕು. ಸುಲಿದ ಅಡಿಕೆಯನ್ನ ಜರಡಿಗೆ ಹಾಕಿದ್ರೆ ಗಾತ್ರದ ಮೇಲೆ ಬೇರೆ ಬೇರೆ ಆಗುತ್ತಲ್ಲ, ಹಾಗೆ ಇಲ್ಲೂ ನಾಲ್ಕೈದು ಜರಡಿ. ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಇರೋ ಹೆಸರು ಹೊಂದುತ್ತಾ? ಜನ್ಮದಿನಾಂಕ ಹೊಂದುತ್ತಾ? ಸೆಲ್ಫಿಯ ಮುಖವೂ ಕಾರ್ಡಿನ ಮುಖವೂ ಒಂದೇನಾ? ಕ್ಯಾಮೆರಾ ಮುಂದೆ ಇರೋದು ಜೀವಂತ ಮನುಷ್ಯನೋ, ಯಾರೋ ಹಿಡಿದ ಫೋಟೋವೋ? ನಿಷೇಧಿತರ ಪಟ್ಟಿಯಲ್ಲಿ ಈ ಹೆಸರು ಇದೆಯಾ? ಒಂದೊಂದು ಜರಡಿಯೂ ನೂರಕ್ಕೆ ಇಷ್ಟು ಅಂತ ಒಂದು ಅಂಕ ಕೊಡುತ್ತೆ. ನಾವು ಸಾಲು ಎಳೀತೀವಿ. ಉದಾಹರಣೆಗೆ, ಹೆಸರಿನ ಅಂಕ ೯೦ ದಾಟಿದ್ರೆ ಹಸಿರು, ತಾನಾಗೇ ಪಾಸು. ೭೦ಕ್ಕಿಂತ ಕೆಳಗಿದ್ರೆ ಕೆಂಪು, ತಾನಾಗೇ ತಿರಸ್ಕಾರ. ನಡುವೆ ಇದ್ರೆ ಹಳದಿ, ಒಬ್ಬ ಮನುಷ್ಯ ಕೂತು ನೋಡಬೇಕು. (ಇವು ಉದಾಹರಣೆಯ ಅಂಕಿ, ಆಫೀಸಿನ ಗುಟ್ಟೇನಲ್ಲ :-) )

ಹಸಿರಿಗೆ ಖರ್ಚಿಲ್ಲ. ಕೆಂಪಿಗೂ ಖರ್ಚಿಲ್ಲ. ಖರ್ಚಿರೋದು ಹಳದಿಗೆ ಮಾತ್ರ, ಯಾಕಂದ್ರೆ ಅಲ್ಲಿ ಸಂಬಳ ತಗೊಳ್ಳೋ ಮನುಷ್ಯ ಇದಾನೆ. ಹಾಗಾಗಿ ಯಾವ ಕಂಪನಿಯ ಮೀಟಿಂಗಿಗೆ ಹೋದ್ರೂ "ಹಳದಿ ಕಡಿಮೆ ಮಾಡಿ" ಅನ್ನೋದೇ ಮಾತು. ಹಳದಿ ಕಡಿಮೆ ಮಾಡೋಕೆ ಎರಡು ದಾರಿ. ಹಸಿರಿನ ಸಾಲು ಕೆಳಗಿಳಿಸಿದ್ರೆ ಕಳ್ಳರು ಒಳಗೆ ಬರ್ತಾರೆ. ಕೆಂಪಿನ ಸಾಲು ಮೇಲೇರಿಸಿದ್ರೆ ಒಳ್ಳೆಯವರು ಹೊರಗೆ ಉಳೀತಾರೆ. ಕಳ್ಳ ಒಳಗೆ ಬಂದ್ರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತೆ, ದಂಡ ಬೀಳುತ್ತೆ. ಒಳ್ಳೆಯವನು ಹೊರಗೆ ಉಳಿದ್ರೆ? ಏನೂ ಆಗಲ್ಲ. ಅವನು ಆ್ಯಪ್ ಮುಚ್ಚಿ ಸುಮ್ಮನಾಗ್ತಾನೆ. ಲೆಕ್ಕದ ಪುಸ್ತಕದಲ್ಲಿ ಅವನಿಗೆ ಜಾಗವೇ ಇಲ್ಲ.

ಈಗ ಹೆಸರಿನ ಜರಡಿಗೆ ಬರೋಣ. ಕನ್ನಡದಲ್ಲಿ 'ಹೆಗಡೆ' ಅಂತ ಬರೆದ್ರೆ ಅದು ಒಂದೇ. ಇಂಗ್ಲಿಷಿಗೆ ಹೋದ ಕೂಡಲೇ ಗ ಆದಮೇಲೆ ಒಂದು ಎ ಇರೋ ಹೆಗಡೆ, ಇಲ್ಲದ ಹೆಗ್ಡೆ ಅಂತ ಇಬ್ಬರಾಗ್ತಾರೆ. ಭಟ್ಟರದ್ದು ಒಂದು ಟಿ, ಎರಡು ಟಿ, ಕೊನೆಗೊಂದು ಎ ಅಂತ ಮೂರು ನಮೂನೆ. ಗಣಪತಿಗೆ ನಮ್ಮ ಜಿಲ್ಲೆಯಲ್ಲಿ ಬರೀ ಟಿ, ಹಳೇ ಮೈಸೂರಿನ ಕಡೆ ಟಿ ಪಕ್ಕ ಎಚ್. ಶಾಲೆ ಮಾಸ್ತರು ಒಂದು ಬರೆದಿರ್ತಾರೆ, ಆಧಾರ್ ಸೆಂಟರಿನ ಹುಡುಗ ಇನ್ನೊಂದು ಒತ್ತಿರ್ತಾನೆ.

ಅದರ ಮೇಲೆ ಇತಿಹಾಸದ ಭಾರ ಬೇರೆ. ೧೯೫೬ರ ನವೆಂಬರ್ ಒಂದರ ತನಕ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ಕ್ರಮದಂತೆ ನಮ್ಮವರು ಮೊದಲು ತಮ್ಮ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು ಬರೀತಾರೆ. ಹಳೇ ಮೈಸೂರಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಇನಿಷಿಯಲ್ಲಾಗಿ ಮುಂದೆ ಬರುತ್ತೆ. ಹಾಗಾಗಿ ಒಬ್ಬನೇ ಮನುಷ್ಯ ಒಂದು ಕಡೆ 'ಗಣಪತಿ ತಿಮ್ಮಯ್ಯ ಹೆಗಡೆ', ಇನ್ನೊಂದು ಕಡೆ 'ಗಣಪತಿ ಹೆಗಡೆ', ಮತ್ತೊಂದು ಕಡೆ 'ಜಿ. ಟಿ. ಹೆಗಡೆ'. ಹೆಂಗಸರ ಪಾಡು ಇನ್ನೂ ಕಷ್ಟ. ಮದುವೆಗೆ ಮುಂಚಿನ ಕಾಗದದಲ್ಲಿ ನಡುವೆ ಅಪ್ಪನ ಹೆಸರು, ಆಮೇಲಿನದ್ದರಲ್ಲಿ ಗಂಡನ ಹೆಸರು, ಕೊನೆಗೆ ಮನೆತನವೂ ಬೇರೆ.

ಕಂಪ್ಯೂಟರ್ ಇದನ್ನ ಹೇಗೆ ಹೋಲಿಸುತ್ತೆ? ಒಂದು ಉಪಾಯ ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ ೧೯೬೫ರಲ್ಲಿ ಕೊಟ್ಟದ್ದು. ಒಂದು ಪದವನ್ನ ಇನ್ನೊಂದು ಪದ ಮಾಡೋಕೆ ಎಷ್ಟು ಅಕ್ಷರ ಸೇರಿಸಬೇಕು, ತೆಗೀಬೇಕು, ಬದಲಿಸಬೇಕು ಅಂತ ಎಣಿಸೋದು. ಒಂದು ಎ ಸೇರಿಸಿದ್ರೆ ಹೆಗ್ಡೆ ಹೆಗಡೆ ಆಗ್ತಾನೆ, ಅಂದ್ರೆ ದೂರ ಒಂದು. ಚೆಂದ ಇದೆ ಅಲ್ವಾ? ಆದರೆ ಗೀತಾಳನ್ನ ಸೀತಾ ಮಾಡೋಕೂ ಒಂದೇ ಅಕ್ಷರ ಸಾಕು! ಒಬ್ಬನೇ ಮನುಷ್ಯನ ಎರಡು ಕಾಗುಣಿತದ ನಡುವಿನ ದೂರವೂ, ಇಬ್ಬರು ಅಕ್ಕತಂಗಿಯರ ನಡುವಿನ ದೂರವೂ ಲೆಕ್ಕಕ್ಕೆ ಒಂದೇ.

ಇನ್ನೊಂದು ಉಪಾಯ ಸೌಂಡೆಕ್ಸ್. ಅಮೆರಿಕದ ರಾಬರ್ಟ್ ರಸೆಲ್ ೧೯೧೮ರಲ್ಲಿ ಪೇಟೆಂಟ್ ಪಡೆದದ್ದು. ಸ್ವರ ಬಿಟ್ಟು, ಮೊದಲ ಅಕ್ಷರದ ಪಕ್ಕ ವ್ಯಂಜನಗಳಿಗೆ ಅಂಕಿ ಕೊಡೋದು. ಇದು ಹೆಗಡೆಯನ್ನೂ ಹೆಗ್ಡೆಯನ್ನೂ ಒಂದೇ ಅನ್ನುತ್ತೆ, ಎರಡಕ್ಕೂ ಎಚ್-೨೩೦. ಖುಷಿಯಾಗಿ ವಿಶ್ವೇಶ್ವರನನ್ನ ಹಾಕಿ ನೋಡಿ. ಮೊದಲ 'ಶ್ವ'ವನ್ನ ವಿ ಅಕ್ಷರದಲ್ಲಿ ಬರೆದವನು ವಿ-೨೧೨, ಡಬ್ಲ್ಯೂನಲ್ಲಿ ಬರೆದವನು ವಿ-೨೨೬. ಯಾಕಂದ್ರೆ ಇಂಗ್ಲಿಷಿನವರ ಕಿವಿಗೆ ವಿ ಒಂದು ವ್ಯಂಜನ, ಡಬ್ಲ್ಯೂ ಲೆಕ್ಕಕ್ಕಿಲ್ಲ. ನಮ್ಮ ಕಿವಿಗೆ ಎರಡೂ 'ವ'. ಅಲ್ಲಿನ ಮನೆತನದ ಹೆಸರುಗಳಿಗೆ ಹೊಲಿದ ಅಂಗಿ ನಮ್ಮ ವಿಶ್ವೇಶ್ವರನಿಗೆ ಹೆಗಲಲ್ಲೇ ಹರಿಯುತ್ತೆ.

ಊರಿನ ಹೆಸರೂ ಅಷ್ಟೇ. ನಮ್ಮ ಬಿಳಗಿ ಒಂದು ಕಾಲಕ್ಕೆ ಜೈನ ಅರಸರ ರಾಜಧಾನಿ, ರತ್ನತ್ರಯ ಬಸದಿ ಈಗಲೂ ಇದೆ, ಶ್ವೇತಪುರ ಅಂತ ಹಳೇ ಹೆಸರು. ಬಾಗಲಕೋಟೆ ಜಿಲ್ಲೆಯಲ್ಲಿ ಬೀಳಗಿ ಅಂತ ಒಂದು ತಾಲೂಕೇ ಇದೆ. ಕನ್ನಡದಲ್ಲಿ ಒಂದು ದೀರ್ಘದ ವ್ಯತ್ಯಾಸ, ಇಂಗ್ಲಿಷಿನಲ್ಲಿ ಅದೂ ಇಲ್ಲ. ಸಿದ್ದಾಪುರವಂತೂ ಕೊಡಗಿನಲ್ಲೊಂದು, ಕುಂದಾಪುರದ ಹತ್ತಿರ ಒಂದು, ನಮ್ಮದೊಂದು. ವಿಳಾಸದ ಜರಡಿ ಬರೆದವನಿಗೆ ಇದು ಗೊತ್ತಿರಬೇಕು ಅಂತ ಹೇಗೆ ಹೇಳೋದು?

ಇಷ್ಟೆಲ್ಲ ಲೆಕ್ಕಾಚಾರ ನನಗೆ ಬರೀ ಲೆಕ್ಕಾಚಾರವಾಗೇ ಇರುತ್ತಿತ್ತೇನೋ. ಆದರೆ ಒಂದು ಆಷಾಢದಲ್ಲಿ ದೊಡ್ಡಪ್ಪನ ಫೋನು ಬಂತು.

ಆ ವರ್ಷ ಮಳೆ ಬಿಡುವೇ ಕೊಟ್ಟಿರಲಿಲ್ಲ. ತೋಟಕ್ಕೆ ಎರಡನೇ ಮದ್ದು ಹೊಡೆಯೋ ಹೊತ್ತು. ಅಡಿಕೆ ಬೆಳೆಯದವರಿಗೆ ಹೇಳ್ತೀನಿ: ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನ ಮಳೆಗಾಲಕ್ಕೆ ಮುಂಚೆ ಒಂದು ಸಲ, ಸುಮಾರು ನಲವತ್ತೈದು ದಿನ ಕಳೆದು ಇನ್ನೊಂದು ಸಲ ಕೊನೆಗೆ ಹೊಡೀಬೇಕು. ತಡವಾದ್ರೆ ಕೊಳೆ ಬಂದು ಎಳೆ ಅಡಿಕೆ ಪಟಪಟ ಉದುರುತ್ತೆ. ಕೊನೆಗೌಡ ಸಿಗೋದೇ ಕಷ್ಟ, ಸಿಕ್ಕಿದ ದಿನ ಕೈಯಲ್ಲಿ ದುಡ್ಡಿರಬೇಕು. ದೊಡ್ಡಪ್ಪನ ದುಡ್ಡು ಇತ್ತು, ಹಿಂದಿನ ಸಾಲಿನ ಬೆಳೆ ವಿಮೆ ಖಾತೆಗೆ ಜಮಾ ಆಗಿತ್ತು. ಆದರೆ ಖಾತೆಯಿಂದ ತೆಗೆಯೋಕೆ ಆಗ್ತಿಲ್ಲ. ಕೆವೈಸಿ ಅವಧಿ ಮುಗಿದಿದೆ, ಆ್ಯಪಿನಲ್ಲಿ ಹೊಸದಾಗಿ ಮಾಡಿ ಅಂತ ಮೆಸೇಜು. ಯಾವ ಬ್ಯಾಂಕು ಅಂತ ಬೇಡ ಬಿಡಿ, ಎಲ್ಲ ಕಡೆ ಇರೋದೇ.

ಮೊದಲ ಸಲ ಮಾಡುವಾಗ ಕರೆಂಟಿಲ್ಲ, ಜಗಲಿ ಕತ್ತಲೆ, ಮುಖ ಕಾಣ್ತಿಲ್ಲ ಅಂತ ಇಲ್ಲ. ಎರಡನೇ ಸಲ ನೆಟ್‌ವರ್ಕ್ ಹುಡುಕಿ ಗುಡ್ಡದ ತಲೆಗೆ ಹೋಗಿ, ಕೊಡೆ ಹಿಡಿದು ಮಾಡಿದ್ರೆ ಹೆಸರು ಹೊಂದುತ್ತಿಲ್ಲ ಅಂತ ಇಲ್ಲ. ಪ್ಯಾನಿನಲ್ಲಿ ನಡುವೆ ಅಜ್ಜನ ಹೆಸರಿದೆ, ಆಧಾರಿನಲ್ಲಿ ಇಲ್ಲ. ಮೂರನೇ ಸಲ ಕಣ್ಣು ಮಿಟುಕಿಸಿದ್ದು ಗೊತ್ತಾಗಲಿಲ್ಲ ಅಂತ ಇಲ್ಲ. ದೊಡ್ಡಪ್ಪನ ಒಂದು ಕಣ್ಣಿಗೆ ಪೊರೆ ತೆಗೆಸಿದ್ದು, ಇನ್ನೊಂದಕ್ಕೆ ಇನ್ನೂ ಆಗಬೇಕು. ಮೂರು ಸಲ ಆದಮೇಲೆ ೨೪ ಗಂಟೆ ಬೀಗ.

"ಕಣ್ಣು ಮುಚ್ಚಿ ತೆಗಿ ಹೇಳ್ತು ತಮಾ. ಮುಚ್ಚಿದಾಗ ಎಂತ ಬರದ್ದು ಹೇಳಿ ಕಾಣ್ತಿಲ್ಲೆ, ತೆಗ್ದಾಗ ಅದು ಹೋಗಿರ್ತು. ಕಡೆಗೆ ನೀ ನೀನಲ್ಲ ಹೇಳ್ತು. ಹಂಗಾರೆ ಆನು ಮತ್ಯಾರು ಹೇಳಾದ್ರೂ ಹೇಳವಲಾ ಅದು!"

ನಗು ಬಂತು. ಆಮೇಲೆ ನಗು ನಿಂತಿತು. ಯಾಕಂದ್ರೆ ದೊಡ್ಡಪ್ಪ ಮುಂದಿನ ಮಾತು ಸಣ್ಣ ದನಿಯಲ್ಲಿ ಹೇಳಿದ: "ಯಂಗೆ ಎಂತೋ ಕಳ್ಳತನ ಮಾಡಿ ಸಿಕ್ಕಿಬಿದ್ದಾಂಗೆ ಆತು."

ಎಪ್ಪತ್ತು ದಾಟಿದ ಮನುಷ್ಯ. ತನ್ನ ದುಡ್ಡನ್ನ ತಾನೇ ಕೇಳಿ ಕಳ್ಳನ ಹಾಗೆ ಅನ್ನಿಸಿಕೊಂಡು ಬಂದ. ಅದೇ ಸೊಸೈಟಿ ಸೆಕ್ರೆಟರಿ ಇಲ್ಲ ಅಂದಿದ್ರೆ ದೊಡ್ಡಪ್ಪ ಅಲ್ಲೇ ಜಗಳ ಆಡಿ, ಅಧ್ಯಕ್ಷರ ಹತ್ತಿರ ಹೋಗಿ, ಚಹಾ ಕುಡಿದು, ಸರಿಮಾಡಿಸಿಕೊಂಡು ಬರ್ತಿದ್ದ. ಯಂತ್ರದ ಹತ್ತಿರ ಜಗಳ ಆಡೋದು ಹೇಗೆ? ಅದು 'ಯಾಕೆ' ಅನ್ನೋ ಪ್ರಶ್ನೆಗೆ ಕಿವಿಯನ್ನೇ ಇಟ್ಟಿಲ್ಲ.

ಮಾರನೇ ದಿನ ಮಳೆಯಲ್ಲೇ ಬಸ್ಸು ಹಿಡಿದು ಸಿದ್ದಾಪುರಕ್ಕೆ ಹೋದ. ಶಾಖೆಯಲ್ಲಿ ಕೌಂಟರಿನ ಹುಡುಗಿ ಎರಡೂ ಕಾರ್ಡು ನೋಡಿ, ನಡುವಿನದ್ದು ತಂದೆ ಹೆಸರು ಅಲ್ವಾ ಅಂತ ಕೇಳಿ, ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡು ಹದಿನೈದು ನಿಮಿಷದಲ್ಲಿ ಮುಗಿಸಿದಳು. ಅವಳಿಗೆ ದೊಡ್ಡಪ್ಪನ ಪರಿಚಯ ಇರಲಿಲ್ಲ, ನೆನಪಿಡಿ. ನಮ್ಮ ಕಡೆಯ ಹೆಸರು ಹೇಗಿರುತ್ತೆ ಅನ್ನೋದರ ಪರಿಚಯ ಇತ್ತು, ಅಷ್ಟೇ. ಮದ್ದು ಹೊಡೆಯೋದು ನಾಲ್ಕು ದಿನ ತಡವಾಯ್ತು. ಅಷ್ಟರಲ್ಲಿ ಕೆಳಗಿನ ತೋಟದ ಅಂಚಿಗೆ ಕೊಳೆ ಹತ್ತಿತ್ತು. ಅದು ನಾಲ್ಕು ದಿನದ ತಡದಿಂದಲೇ ಬಂತು ಅಂತ ಆಣೆ ಮಾಡೋಕಾಗಲ್ಲ, ಮಳೆ ಅಂಥದ್ದಿತ್ತು. ಆದರೆ ದೊಡ್ಡಪ್ಪನ ಮನಸ್ಸಿನಲ್ಲಿ ಆ ಎರಡೂ ಒಂದಕ್ಕೊಂದು ಗಂಟು ಬಿದ್ದುಬಿಟ್ಟಿದೆ.

ಇದು ನಮ್ಮನೆಯೊಂದರ ಕಥೆ ಅಲ್ಲ. ಇಡೀ ಸೀಸನ್ ಅಡಿಕೆ ಸುಲಿದವರ ಕೈ ನೋಡಿ. ಚೊಗರು ಹತ್ತಿ ಕಪ್ಪಾಗಿ, ಬೆರಳ ತುದಿ ಸವೆದಿರುತ್ತೆ. ಬೆರಳಚ್ಚಿನ ಯಂತ್ರಕ್ಕೆ ಅಂಥ ಬೆರಳು ಓದೋಕೆ ಕಷ್ಟ. ದುಡಿದ ಕೈಯೇ ಗುರುತು ಅಳಿಸಿಹಾಕುತ್ತೆ ಅಂದ್ರೆ ಎಂಥ ವಿಚಿತ್ರ ನೋಡಿ! ಪಿಎಂ-ಕಿಸಾನ್ ಯೋಜನೆಯಲ್ಲಿ ೨೦೨೩ರ ಜೂನಿನಲ್ಲಿ ಒಟಿಪಿ, ಬೆರಳಚ್ಚು ಎರಡೂ ಇಲ್ಲದೆ ಮುಖ ತೋರಿಸಿ ಇ-ಕೆವೈಸಿ ಮಾಡೋ ದಾರಿ ಕೊಟ್ಟರು. ಒಂದು ಬಾಗಿಲು ಮುಚ್ಚಿದವರಿಗೆ ಇನ್ನೊಂದು ಬಾಗಿಲು ಬೇಕು ಅನ್ನೋದು ಅದರ ಒಪ್ಪಿಗೆ.

ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಆಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲು ಆಗದವರು, ಕಣ್ಣು ಕಾಣದವರು, ಈ ಡಿಜಿಟಲ್ ಕೆವೈಸಿಯಲ್ಲಿ ನಮಗೆ ಜಾಗವೇ ಇಲ್ಲ ಅಂತ ಹೋಗಿದ್ರು. ಪ್ರಜ್ಞಾ ಪ್ರಸೂನ್ ಪ್ರಕರಣ ಅಂತ. ೨೦೨೫ರ ಏಪ್ರಿಲ್ ೩೦ರಂದು ನ್ಯಾಯಮೂರ್ತಿಗಳಾದ ಪಾರ್ದೀವಾಲಾ ಮತ್ತು ಮಹಾದೇವನ್ ಅವರ ಪೀಠ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ತಲುಪುವ ಹಕ್ಕು ಸಂವಿಧಾನದ ೨೧ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿ, ೨೦ ನಿರ್ದೇಶನ ಕೊಟ್ಟಿತು. ಜೀವಂತ ಮನುಷ್ಯ ಅಂತ ತಿಳಿಯೋಕೆ ಕಣ್ಣು ಮಿಟುಕಿಸೋದೊಂದೇ ದಾರಿ ಆಗಬಾರದು ಅನ್ನೋದೂ ಅದರಲ್ಲಿತ್ತು. ಅದೇ ವರ್ಷ ಆಗಸ್ಟ್ ೧೪ರಂದು ರಿಸರ್ವ್ ಬ್ಯಾಂಕ್ ತನ್ನ ಕೆವೈಸಿ ನಿರ್ದೇಶನಕ್ಕೆ ತಿದ್ದುಪಡಿ ತಂದು, ವಿವೇಚನೆ ಬಳಸದೆ ಯಾವ ಅರ್ಜಿಯನ್ನೂ ತಿರಸ್ಕರಿಸಬಾರದು, ತಿರಸ್ಕರಿಸಿದ್ರೆ ಸಂಬಂಧಪಟ್ಟ ಅಧಿಕಾರಿ ಕಾರಣ ಬರೆದಿಡಬೇಕು ಅಂತ ಸೇರಿಸಿತು.

ಇದನ್ನ ಓದಿದಾಗ ನಾನು ಆಫೀಸಿನ ಕುರ್ಚಿಯಿಂದ ಅರ್ಧ ಎದ್ದಿದ್ದೆ. ವಿವೇಚನೆ ಬಳಸಬೇಕು ಅಂದ್ರೆ ಬುದ್ಧಿ ಇರೋ ಒಬ್ಬರು ಬೇಕು. ಅಂಕಿ ೭೦ಕ್ಕಿಂತ ಕಡಿಮೆ ಅನ್ನೋದು ಕಾರಣ ಅಲ್ಲ, ಅದು ಲೆಕ್ಕ.

ಇನ್ನೊಂದು ವಿಷಯ ಗಮನಿಸಿ. ನಮ್ಮ ಕಾನೂನು ಯಂತ್ರದ "ಹೌದು"ಗೆ ಮೊದಲಿಂದಲೂ ಅಳತೆ ಹಾಕಿದೆ. ಎದುರು ಬರದೆ, ಬರೀ ಆಧಾರ್ ಒಟಿಪಿ ಮೇಲೆ ತೆರೆದ ಖಾತೆಯಲ್ಲಿ ಒಟ್ಟು ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಇಡೋ ಹಾಗಿಲ್ಲ, ವರ್ಷಕ್ಕೆ ಎರಡು ಲಕ್ಷಕ್ಕಿಂತ ಹೆಚ್ಚು ಜಮಾ ಆಗೋ ಹಾಗಿಲ್ಲ, ಒಂದು ವರ್ಷದೊಳಗೆ ಪೂರ್ತಿ ಗುರುತು ಕೊಡಬೇಕು. ೨೦೨೦ರ ಜನವರಿಯಲ್ಲಿ ಬಂದ ವಿಡಿಯೋ ಕೆವೈಸಿಯಲ್ಲಿ ಆಚೆ ತುದಿಗೆ ಬ್ಯಾಂಕಿನ ಅಧಿಕೃತ ಸಿಬ್ಬಂದಿಯೇ ಕೂತಿರಬೇಕು. ಇದೆಲ್ಲ ಸರಿಯಾಗೇ ಇದೆ. ಯಾಕಂದ್ರೆ ಕಳ್ಳರು ಸುಮ್ಮನೆ ಕೂತಿಲ್ಲ. ಬೇರೆಯವರ ಹೆಸರಿನಲ್ಲಿ ಖಾತೆ ತೆರೆಸಿ ವಂಚನೆಯ ದುಡ್ಡು ಸಾಗಿಸೋ ಮ್ಯೂಲ್ ಖಾತೆಗಳ ಹಾವಳಿ ಎಷ್ಟಿದೆ ಅಂದ್ರೆ, ಬೆಂಗಳೂರಿನಲ್ಲಿರೋ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ಅಂಥವನ್ನ ಹಿಡಿಯೋಕೆ ಅಂತಲೇ ಮ್ಯೂಲ್ ಹಂಟರ್ ಅನ್ನೋ ತಂತ್ರಾಂಶ ಮಾಡಿದೆ. ಹಾಗಾಗಿ ಎಲ್ಲರಿಗೂ ಹೌದು ಅನ್ನಿ ಅಂತ ನಾನು ಹೇಳ್ತಿಲ್ಲ.

ಹೌದಿಗೆ ಅಳತೆ ಇದೆ: ಇಷ್ಟು ದುಡ್ಡಿನ ತನಕ, ಇಷ್ಟು ದಿನದ ತನಕ. ಇಲ್ಲಕ್ಕೆ ಮಾತ್ರ ಅಳತೆ ಇಲ್ಲ. ಅದು ಬಾಗಿಲು ಪೂರ್ತಿ ಹಾಕುತ್ತೆ. ನನ್ನ ವಾದ ಇಷ್ಟೇ: ಹೌದು ಅನ್ನೋಕೆ ಯಂತ್ರ ಸಾಕು, ಇಲ್ಲ ಅನ್ನೋಕೆ ಮನುಷ್ಯ ಬೇಕು. ಅಡಿಕೆಯನ್ನೇ ನೋಡಿ. ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಲ್ಲ ಆಗಿ ಕೊನೆಗೆ ಕೋಕಾ ಅಂತ ಒಂದು ಉಳಿಯುತ್ತೆ. ಅದಕ್ಕೂ ಮಾರುಕಟ್ಟೆಯಲ್ಲಿ ಒಂದು ದರ ಇದೆ. ಜರಡಿಯಲ್ಲಿ ನಿಲ್ಲಲಿಲ್ಲ ಅಂತ ಯಾರೂ ಅಡಿಕೆ ಎಸೆಯೋದಿಲ್ಲ. ಕೈಯಲ್ಲಿ ಎತ್ತಿ ನೋಡ್ತಾರೆ.

ಆಫೀಸಿನಲ್ಲಿ ಈ ಮಾತು ಎತ್ತಿದೆ. ನಮ್ಮ ಲೀಡ್ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವರೂ ಸರಿಯಾದ ಪ್ರಶ್ನೆ ಕೇಳಿದರು: "ಕೆಂಪನ್ನೆಲ್ಲ ಹಳದಿಗೆ ಹಾಕಿದ್ರೆ ಸಾಲು ಉದ್ದ ಆಗುತ್ತೆ. ಈಗ ಒಂದು ಗಂಟೆಯಲ್ಲಿ ಉತ್ತರ ಸಿಗೋರಿಗೂ ಮೂರು ದಿನ ಆಗುತ್ತೆ. ಅದು ನ್ಯಾಯವಾ?" ಅದಕ್ಕೆ ನನ್ನ ಹತ್ತಿರ ತಟ್ಟನೆ ಉತ್ತರ ಇರಲಿಲ್ಲ. ಒಂದು ವಾರ ತಲೆ ಕೆರೆದುಕೊಂಡು ಹೋಗಿ ನಾಲ್ಕು ಸಣ್ಣ ಬದಲಾವಣೆ ಬರೆದುಕೊಂಡು ಬಂದೆ.

ಒಂದು, ಹೆಸರು ಹೋಲಿಸೋ ಮುಂಚೆ ಅದನ್ನ ನಮ್ಮ ಕಿವಿಗ ಕೇಳೋ ಹಾಗೆ ಮಾಡಿಕೊಳ್ಳೋದು. ವಿ, ಡಬ್ಲ್ಯೂ ಎರಡೂ ಒಂದು. ಟಿ ಪಕ್ಕದ ಎಚ್ ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ನಡುವಿನ ಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ರೆ ಅಂಕ ಕಳೆಯೋ ಬದಲು, ಅದು ತಂದೆಯ ಅಥವಾ ಗಂಡನ ಹೆಸರಾ ಅಂತ ನೋಡೋದು. ಹೀಗೆ ಮಾಡಿದ್ರೆ ಹಳದಿಗೆ ಬರಬೇಕಾದ ಎಷ್ಟೋ ಜನ ಹಸಿರಿಗೇ ಹೋಗ್ತಾರೆ, ಸಾಲು ಉದ್ದ ಆಗಲ್ಲ.

ಎರಡು, ಕತ್ತಲೆ, ನೆಟ್‌ವರ್ಕ್, ಅಲುಗಾಡಿದ ಫೋಟೋ ಇವನ್ನ ಮೂರು ಸಲದ ಲೆಕ್ಕಕ್ಕೆ ಹಿಡಿಯಬಾರದು. ಮಳೆ ಬಂದಿದ್ದು ಗ್ರಾಹಕನ ತಪ್ಪಲ್ಲ.

ಮೂರು, ಹೆಸರಿನ ಅಂಕ ಎಷ್ಟೇ ಕಡಿಮೆ ಇರಲಿ, ಹುಟ್ಟಿದ ದಿನಾಂಕ ಮತ್ತು ಮುಖ ಹೊಂದಿದ್ರೆ ತಾನಾಗೇ ಕೆಂಪು ಬೇಡ. ಹಳದಿಗೆ ಹೋಗಲಿ. ನೋಡೋರು ಆ ಕಡೆಯ ಭಾಷೆ ಬಲ್ಲವರಾಗಿರಲಿ. ಹೆಗಡೆ ಹೆಗ್ಡೆ ಒಂದೇ ಅಂತ ತಿಳಿಯೋಕೆ ಕನ್ನಡ ಬಲ್ಲವರಿಗೆ ಎರಡು ಸೆಕೆಂಡು ಸಾಕು. ಬಾರದ ಮನುಷ್ಯ ಕೂತ್ರೆ ಅವನೂ ಇನ್ನೊಂದು ಜರಡಿಯೇ.

ನಾಲ್ಕು, ಇಲ್ಲ ಅನ್ನೋದಾದ್ರೆ ಯಾಕೆ ಅಂತ ಕನ್ನಡದಲ್ಲಿ ಒಂದು ವಾಕ್ಯ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಇನ್ನೊಂದು ವಾಕ್ಯ.

ಎರಡನೆಯದೂ ನಾಲ್ಕನೆಯದೂ ಕೂಡಲೇ ಒಪ್ಪಿಗೆಯಾಯ್ತು. ಮೊದಲನೆಯದು ಪರೀಕ್ಷೆಯಲ್ಲಿದೆ. ವಿಶ್ವೇಶ್ವರರಿಬ್ಬರೂ ಈಗ ಒಬ್ಬರೇ ಆಗಿದ್ದಾರೆ. ಆದರೆ ಗೀತಾ-ಸೀತಾ ಒಂದಾಗದ ಹಾಗೆ ನೋಡಿಕೊಳ್ಳೋ ಕೆಲಸ ನಡೀತಿದೆ. ಮೂರನೆಯದಕ್ಕೆ ಇನ್ನೂ ಚರ್ಚೆ. ಅದೇ ಮುಖ್ಯವಾದದ್ದು, ಅದಕ್ಕೇ ದುಡ್ಡು ಬೇಕಾಗೋದು. ನೋಡೋಣ. ನಾನಂತೂ ಪ್ರತಿ ಮೀಟಿಂಗಿನಲ್ಲೂ ಅದೇ ರಾಗ ಎಳೆಯೋದು ಅಂತ ತೀರ್ಮಾನ ಮಾಡಿದೀನಿ.

ಕೊನೆಗೆ ಊರಿನಲ್ಲಿ ಹಿರಿಯರು ಇರೋ ಎಲ್ಲರಿಗೂ ಉಪಯೋಗಕ್ಕೆ ಬರೋ ಎರಡು ಮಾತು. ಕೆವೈಸಿ ಹೊಸದು ಮಾಡೋ ಅವಧಿ ಬಂದಾಗ (ಅಪಾಯ ಕಡಿಮೆ ಅಂತ ಗುರುತಿಸಿದ ಗ್ರಾಹಕರಿಗೆ ಹತ್ತು ವರ್ಷಕ್ಕೊಮ್ಮೆ) ವಿವರಗಳಲ್ಲಿ ಏನೂ ಬದಲಾವಣೆ ಇಲ್ಲದಿದ್ರೆ, "ಬದಲಾವಣೆ ಇಲ್ಲ" ಅಂತ ಸ್ವಯಂ ಘೋಷಣೆ ಕೊಟ್ಟರೆ ಸಾಕು, ಸೆಲ್ಫಿ ಸರ್ಕಸ್ ಬೇಕಿಲ್ಲ. ಅದನ್ನ ಪತ್ರದ ಮೂಲಕವೂ ಕೊಡಬಹುದು. ೨೦೨೫ರ ಜೂನಿನಿಂದ ಹಳ್ಳಿಗೆ ಬರೋ ಬ್ಯಾಂಕ್ ಮಿತ್ರರ ಮೂಲಕವೂ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಆ್ಯಪ್ ಇಲ್ಲ ಅಂದ್ರೆ ಅಲ್ಲಿಗೇ ಮುಗೀತು ಅಂತ ಕೈಚೆಲ್ಲಬೇಡಿ. ಶಾಖೆಗೆ ಹೋಗಿ, ಕಾರಣ ಕೇಳಿ. ಕಾರಣ ಬರೆದಿಡಬೇಕಾದ್ದು ಅವರ ಕೆಲಸ, ಕೇಳೋದು ನಿಮ್ಮ ಹಕ್ಕು.

ಇನ್ನು ನಿಮ್ಮ ಸರದಿ. ಒಂದು ಸಲ ಮನೆಯ ಕಪಾಟು ತೆಗೆದು ನಿಮ್ಮ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಅಪ್ಪನ ಪಹಣಿ ಎಲ್ಲ ಸಾಲಾಗಿ ಇಟ್ಟು ನೋಡಿ. ನಿಮ್ಮ ಹೆಸರು ಎಷ್ಟು ಥರ ಇದೆ ಅಂತ ಕಾಮೆಂಟಿನಲ್ಲಿ ಎಣಿಕೆ ಮಾತ್ರ ಹೇಳಿ, ಹೆಸರು ಬರೀಬೇಡಿ. ಕಳ್ಳರೂ ಬ್ಲಾಗ್ ಓದ್ತಾರೆ :-) ನನ್ನದು ನಾಲ್ಕು. ಆಯಿಯದ್ದು ಆರು. ಇಷ್ಟು ವರ್ಷ ಆ ಆರೂ ಜನ ಒಂದೇ ಅಡುಗೆಮನೆಯಲ್ಲಿ ತಂಬುಳಿ ಕಡೀತಾ ಇದ್ರು, ನಮಗೆ ಯಾರಿಗೂ ಗೊತ್ತೇ ಆಗಿರಲಿಲ್ಲ.